ಮರದ ದೇವಾಲಯವನ್ನು ಉಳಿಸಿದ ಚಿತ್ರಗಾರನು

ನಾರ್ವೆ ದೇಶದ ಪ್ರಸಿದ್ಧ ಚಿತ್ರಗಾರನಾದ ಯೋಹಾನ್ ಕ್ರಿಸ್ಟಿಯನ್ ದಾಲನು 1788ನೇ ಇಸವಿಯಲ್ಲಿ ಬೆರ್ಗೆನ್ ಪಟ್ಟಣದ ಬಡ ಬೆಸ್ತನೊಬ್ಬನಿಗೆ ಮಗನಾಗಿ ಹುಟ್ಟಿದನು. ಇವನ ಕೈಕೆಲಸವನ್ನು ಮೆಚ್ಚಿದ ಊರವರು ಹಣ ಕೂಡಿಸಿ 1811ರಲ್ಲಿ ಇವನನ್ನು ಕೋಪನ್‌ಹೇಗನ್ ನಗರಕ್ಕೆ ಕಲಿಯಲು ಕಳುಹಿಸಿದರು. ತರುವಾಯ ಇವನು ಜರ್ಮನಿಯ ದ್ರೆಸ್ದೆನಿನಲ್ಲಿ ನೆಲಸಿ, 1824ರಲ್ಲಿ ಚಿತ್ರಶಾಲೆಯ ಪ್ರೊಫೆಸರನಾದನು. ಕೀರ್ತಿಯೊಡನೆ ದುಃಖವೂ ಬಂದಿತು. 1827ರಲ್ಲಿ ಇವನ ಹೆಂಡತಿಯು ಹೆರಿಗೆಯಲ್ಲಿ ತೀರಿಕೊಂಡಳು. ಎರಡನೆಯ ಹೆಂಡತಿಯೂ 1830ರಲ್ಲಿ ಹಾಗೆಯೇ ತೀರಿಹೋದಳು.

ತಾಯ್ನಾಡಿಗೆ ಹೋದಾಗಲೆಲ್ಲ ಇವನು ಹಳ್ಳಿಗಳ ಪುರಾತನ ಮರದ ದೇವಾಲಯಗಳನ್ನು ನೋಡಿ ಚಿತ್ರ ಬರೆದುಕೊಳ್ಳುತ್ತಿದ್ದನು. ಅವು ಒಂದೊಂದಾಗಿ ಕೆಡವಲ್ಪಡುತ್ತಿದ್ದವು. ಅವುಗಳ ಬೆಲೆಯನ್ನು ಲೋಕಕ್ಕೆ ತಿಳಿಸಲು 1837ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದನು.

ವಾಂಗ್ ಎಂಬ ಹಳ್ಳಿಯ ದೇವಾಲಯವು ಸುಮಾರು 1200ರಲ್ಲಿ, ಅಂದರೆ ಲೂಥರನಿಗೆ ಮುನ್ನೂರು ವರ್ಷ ಮೊದಲೇ, ಕಟ್ಟಲ್ಪಟ್ಟದ್ದು. ಅದರ ಬಾಗಿಲ ಕಂಬಗಳಲ್ಲಿ ಘಟಸರ್ಪಗಳ ಸೊಗಸಾದ ಕೆತ್ತನೆಯಿತ್ತು. ಆದರೆ ಸಭೆಯು ಬೆಳೆದು ಸ್ಥಳ ಸಾಲದೆ ಹೋಯಿತು. ಹಳ್ಳಿಯವರನ್ನು ದೂರುವುದು ನ್ಯಾಯವಲ್ಲ. ಮಕ್ಕಳೊಂದಿಗೆ ಆರಾಧನೆಗೆ ಬಂದವರು ಹೊರಗೆ ನಿಲ್ಲಲಾದೀತೇ? ಅವರು ಹಳೆಯದನ್ನು ಮಾರಿ ಹೊಸದನ್ನು ಕಟ್ಟಲು ನಿಶ್ಚಯಿಸಿದರು. ಅದನ್ನು ನಾರ್ವೆಯಲ್ಲಿಯೇ ಉಳಿಸಬೇಕೆಂದು ದಾಲನು ಪಟ್ಟ ಪ್ರಯತ್ನವೆಲ್ಲ ವ್ಯರ್ಥವಾಯಿತು. ಕಡೆಗೆ ಪ್ರಷ್ಯದ ಅರಸನಾದ ನಾಲ್ಕನೆಯ ಫ್ರೀದ್ರಿಕ್ ವಿಲ್ಹೆಲ್ಮನನ್ನು ಒಪ್ಪಿಸಿ, 1841ರಲ್ಲಿ ಹರಾಜಿನಲ್ಲಿ ಅರಸನಿಗಾಗಿ ಅದನ್ನು ಕೊಂಡನು. ಇವನು ನೇಮಿಸಿದವನು ದೇವಾಲಯವನ್ನೆಲ್ಲಾ ಅಳೆದು ನಕ್ಷೆ ಬರೆದ ಮೇಲೆ, ಬಿಚ್ಚಿದ ಮರಗಳನ್ನು ಹಡಗಿನಲ್ಲಿ ಸ್ಟೆಟ್ಟಿನ್ ರೇವಿಗೂ ಅಲ್ಲಿಂದ ಬರ್ಲಿನಿಗೂ ಸಾಗಿಸಿದರು.

ಆ ಮರಗಳ ಗತಿ ಏನಾಗುತ್ತಿತ್ತೋ! ಅದೇ ಕಾಲದಲ್ಲಿ ಸಿಲೇಸಿಯ ಪ್ರಾಂತದ ಬೆಟ್ಟದ ಮೇಲಿನ ಬ್ರುಕೆನ್‌ಬೆರ್ಗಿನವರಿಗೆ ಹತ್ತಿರದಲ್ಲಿ ದೇವಾಲಯವಿರಲಿಲ್ಲ. ಬಡವರ ಹಿತಚಿಂತಕಳಾದ ಫ್ರಿದೆರಿಕೆ ರೇದನ್ ಎಂಬ ಪ್ರಭುಮನೆತನದ ವಿಧವೆಯು ಅವರಿಗಾಗಿ ಅರಸನನ್ನು ಬೇಡಿಕೊಂಡಳು. ಅರಸನು ವಾಂಗಿನ ದೇವಾಲಯವನ್ನು ಅವರಿಗೆ ಕೊಟ್ಟನು. 1842ರ ಆಗಸ್ಟ್ 2ರಂದು ಅಸ್ತಿವಾರ ಹಾಕಿದರು. ಕೆಟ್ಟುಹೋದ ಮರಗಳಿಗೆ ಬದಲಾಗಿ ಹೊಸವನ್ನು ಕೆತ್ತಿ, ಗಾಳಿಯ ಹೊಡೆತ ತಡೆಯಲು ಪಕ್ಕದಲ್ಲಿ ಕಲ್ಲಿನ ಗೋಪುರ ಕಟ್ಟಿದರು. 1844ರ ಜುಲೈ 28ರಂದು ಪ್ರತಿಷ್ಠೆಯಾಯಿತು. ಅದೇ ವರುಷ ನಾರ್ವೆಯಲ್ಲಿ ಪುರಾತನ ಕಟ್ಟಡಗಳನ್ನು ಕಾಪಾಡುವ ಸಂಘವೊಂದು ಹುಟ್ಟಿತು. ಅದರ ಸ್ಥಾಪಕರಲ್ಲಿ ದಾಲನೂ ಒಬ್ಬನು.

ಇವನು 1857ರಲ್ಲಿ ದ್ರೆಸ್ದೆನಿನಲ್ಲಿ ತೀರಿಕೊಂಡನು. 1934ರಲ್ಲಿ ಇವನ ಎಲುಬುಗಳನ್ನು ಬೆರ್ಗೆನಿಗೆ ಒಯ್ದು ಹೂಳಿದರು. ದೇವಾಲಯವು ಮಾತ್ರ ಹಿಂದಿರುಗಲಿಲ್ಲ. ಯುದ್ಧವು ತೀರಿ ಆ ಸೀಮೆಯು 1945ರಲ್ಲಿ ಪೋಲೆಂಡಿಗೆ ಸೇರಲು, ಜರ್ಮನ್ ಸಭೆಯವರು ಊರು ಬಿಡಬೇಕಾಯಿತು. ಈಗ ಅಲ್ಲಿ ಕೂಡುವ ಲೂಥರನ್ ಸಭೆಯವರು ಪೋಲಿಷ್ ಭಾಷೆಯಲ್ಲಿ ಹಾಡುತ್ತಾರೆ.