ಶಕ್ತಿಯರಿತ ಸಂಕಲ್ಪ: ಭದ್ರಾವತಿಯಲ್ಲಿ ವಿಶ್ವೇಶ್ವರಯ್ಯನವರು

ನೋಂಪಿಯನ್ನು ಹಿಡಿಯುವುದು ಸುಲಭ, ಉದ್ಯಾಪನೆಯವರೆಗೆ ನಡೆಸುವುದು ಕಠಿಣ ಎಂಬುದು ಶ್ರಾವಕ ಮನೆತನಗಳ ಹಿರಿಯರ ಅನುಭವ. ಅನಂತನೋಂಪಿಗೆ 14 ವರ್ಷಗಳ ಅವಧಿಯುಂಟು. ಮೊದಲ ವರ್ಷದ ಉತ್ಸಾಹ ಆರನೆಯ ವರ್ಷಕ್ಕೆ ಉಳಿಯುವುದಿಲ್ಲ. ಹನ್ನೆರಡನೆಯ ವರ್ಷಕ್ಕೆ ದೇಹಸ್ಥಿತಿ, ಮನೆಯ ಸ್ಥಿತಿ ಎರಡೂ ಬದಲಾಗಿರುತ್ತವೆ. ಆದುದರಿಂದಲೇ ಷೋಡಶಕಾರಣ ಭಾವನೆಗಳಲ್ಲಿ ತ್ಯಾಗ ಮತ್ತು ತಪಸ್ಸುಗಳನ್ನು ಹೇಳುವಾಗ, ಅವು ಶಕ್ತಿಗನುಸಾರವಾಗಿರಬೇಕೆಂಬ ಮಾತನ್ನು ಆಚಾರ್ಯರು ಜೊತೆಗೇ ಸೇರಿಸಿದ್ದಾರೆ. ಶಕ್ತಿಯನ್ನು ಅಡಗಿಸಿಡಬಾರದು, ಮೀರಲೂ ಬಾರದು. ಈ ತತ್ತ್ವವನ್ನು ಲೌಕಿಕ ಕಾರ್ಯದಲ್ಲಿ ನಡೆಸಿ ತೋರಿದವರೊಬ್ಬರ ಕರ್ಮಭೂಮಿ ಶಿವಮೊಗ್ಗದ ರವೀಂದ್ರನಗರದಿಂದ ಇಪ್ಪತ್ತು ಕಿಲೋಮೀಟರಿನಷ್ಟೇ ದೂರದಲ್ಲಿದೆ. ಅದು ಭದ್ರಾವತಿ, ಅವರು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ಅವರು ಜೈನರಲ್ಲ. ಆದರೆ ವ್ರತನಿಷ್ಠೆಯನ್ನು ಗುರುತಿಸಲು ಮತದ ಗಡಿ ಅಡ್ಡಬರಬೇಕಾಗಿಲ್ಲ.

ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಅವರು ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನಲ್ಲಿ ಮಕ್ಕಳಿಗೆ ಮನೆಪಾಠ ಹೇಳಿ ಓದಿ, 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಪದವಿ ಪಡೆದರು. ಪುಣೆಯಲ್ಲಿ ಎಂಜಿನಿಯರಿಂಗ್ ಶಿಕ್ಷಣ ಮುಗಿಸಿ 1884ರಲ್ಲಿ ಮುಂಬಯಿ ಸರಕಾರದ ಸೇವೆಗೆ ಸೇರಿದರು. 1909ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರಾಗಿ ಬಂದರು. 1912ರಿಂದ 1918ರವರೆಗೆ ದಿವಾನರಾಗಿದ್ದರು.

ಅವರ ಸಂಕಲ್ಪದ ಸ್ವರೂಪ ಮೊದಲು ಕಂಡದ್ದು ಕನ್ನಂಬಾಡಿಯಲ್ಲಿ. ಕಾವೇರಿಗೆ ದೊಡ್ಡ ಅಣೆಕಟ್ಟು ಕಟ್ಟಬೇಕೆಂಬ ಯೋಜನೆಗೆ ಮದರಾಸು ಸರಕಾರದ ಒಪ್ಪಿಗೆ ಪೂರ್ಣವಾಗಿ ದೊರೆಯಲಿಲ್ಲ. ದೊರೆತದ್ದು 11 ಟಿಎಂಸಿ ನೀರು ನಿಲ್ಲುವ ತಗ್ಗಿನ ಕಟ್ಟೆಗೆ ಮಾತ್ರ. ಎಲ್ಲವೂ ದೊರೆಯಲಿ ಎಂದು ಅವರು ಕಾಯುತ್ತ ಕೂಡಲಿಲ್ಲ. ದೊರೆತಷ್ಟೇ ಸಾಕೆಂದು ಗುರಿಯನ್ನು ಕುಗ್ಗಿಸಲೂ ಇಲ್ಲ. ಪೂರ್ಣ ಎತ್ತರದ ಕಟ್ಟೆಗೆ ಬೇಕಾದಷ್ಟು ಅಗಲದ ಅಡಿಪಾಯ ಹಾಕಿಸಿ, 1911ರಲ್ಲಿ ಕೆಲಸ ಆರಂಭಿಸಿದರು. ಒಪ್ಪಂದ ಕೂಡಿಬಂದದ್ದು 1924ರಲ್ಲಿ, ಅವರು ಅಧಿಕಾರ ಬಿಟ್ಟು ವರ್ಷಗಳು ಕಳೆದ ಮೇಲೆ. ಅಡಿಪಾಯ ಮಾತ್ರ ಆ ದಿನಕ್ಕಾಗಿ ಸಿದ್ಧವಾಗಿಯೇ ಇತ್ತು.

ಭದ್ರಾವತಿಯ ಪರೀಕ್ಷೆ ಇದಕ್ಕಿಂತ ಕಠೋರವಾದುದು. ಬೆಂಕಿಪುರವೆಂದು ಕರೆಯಲಾಗುತ್ತಿದ್ದ ಆ ಊರಿನಲ್ಲಿ ಕಬ್ಬಿಣದ ಕಾರ್ಖಾನೆ ನಿರ್ಮಿಸುವ ಕಾರ್ಯ ಅವರ ದಿವಾನಗಿರಿಯ ಕೊನೆಯ ವರ್ಷವಾದ 1918ರಲ್ಲಿ ಆರಂಭವಾಯಿತು. ಬಾಬಾಬುಡನ್ ಶ್ರೇಣಿಯ ಕೆಮ್ಮಣ್ಣುಗುಂಡಿಯಲ್ಲಿ ಅದಿರು, ಸಮೀಪದಲ್ಲಿ ಸುಣ್ಣಕಲ್ಲು, ಪಕ್ಕದಲ್ಲಿ ಭದ್ರಾ ನದಿ, ಸುತ್ತಲೂ ಮಲೆನಾಡಿನ ಕಾಡು. ಕಲ್ಲಿದ್ದಲು ಮಾತ್ರ ಮೈಸೂರು ಸೀಮೆಯಲ್ಲಿ ಇರಲಿಲ್ಲ. ಆದ್ದರಿಂದ ಮರದ ಇದ್ದಿಲಿನಿಂದಲೇ ಅದಿರನ್ನು ಕರಗಿಸುವುದೆಂದೂ, ಮರವನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ ಇದ್ದಿಲಿನ ಜೊತೆಗೆ ಮದ್ಯಸಾರ, ಟಾರು ಮೊದಲಾದ ಉಪವಸ್ತುಗಳನ್ನು ಪಡೆಯುವುದೆಂದೂ ನಿಶ್ಚಯವಾಯಿತು. ಆ ವರ್ಷದ ಕೊನೆಗೆ ಅವರು ದಿವಾನ ಪದವಿಯಿಂದ ನಿವೃತ್ತರಾದರು. ಕೂಸು ನಡೆಯಲು ಕಲಿಯುವ ಮೊದಲೇ ತಾಯಿ ಮನೆ ಬಿಟ್ಟಂತಾಯಿತು.

ಮುಂದೆ ಕಷ್ಟಗಳು ಸಾಲಾಗಿ ಬಂದವು. ಮಹಾಯುದ್ಧದ ಕಾಲದಲ್ಲಿ ಏರಿದ್ದ ಕಬ್ಬಿಣದ ಬೆಲೆ ಯುದ್ಧಾನಂತರ ಕುಸಿಯಿತು. ಯಂತ್ರಗಳ ಬೆಲೆಯೋ ಏರಿತ್ತು. ಅಂದಾಜು ಮೀರಿ ಹಣ ವೆಚ್ಚವಾಯಿತು. 1923ರ ಜನವರಿಯಲ್ಲಿ ಕುಲುಮೆ ಹೊತ್ತಿಕೊಂಡಾಗ ಕಾರ್ಖಾನೆಯ ಮುಂದಿದ್ದದ್ದು ಲಾಭದ ದಾರಿಯಲ್ಲ, ನಷ್ಟದ ದಾರಿ. ಸಂಸ್ಥಾನದ ಬೊಕ್ಕಸಕ್ಕೆ ಇದೊಂದು ಹೊರೆಯೆಂಬ ಟೀಕೆ ಬಲವಾಗಿ ಕೇಳಿಬಂತು. ಆ ವರ್ಷ ಕಾರ್ಖಾನೆಯ ಆಡಳಿತ ಮಂಡಲಿಯ ಅಧ್ಯಕ್ಷತೆಯನ್ನು ವಹಿಸಿಕೊಳ್ಳಲು ಸರಕಾರ ಅವರನ್ನೇ ಕರೆಯಿತು.

ಆಗ ಅವರಿಗೆ ಅರವತ್ತು ವರ್ಷ ದಾಟಿತ್ತು. ದಿವಾನ ಪದವಿಯ ಕೀರ್ತಿ ಕೈಯಲ್ಲಿತ್ತು. ಸೋಲುತ್ತಿರುವ ಉದ್ಯಮಕ್ಕೆ ಹೆಗಲು ಕೊಟ್ಟು ಆ ಕೀರ್ತಿಯನ್ನು ಕಳೆದುಕೊಳ್ಳುವ ಸಂಭವವೇ ಹೆಚ್ಚಾಗಿತ್ತು. ಆದರೂ ತಾವು ಹಿಡಿದ ನೋಂಪಿಯನ್ನು ಇತರರ ಕೈಯಲ್ಲಿ ಮುರಿಯಲು ಬಿಡುವುದು ಅವರಿಗೆ ಸರಿಕಾಣಲಿಲ್ಲ. ಒಪ್ಪಿಕೊಂಡರು.

ಮುಂದಿನ ಆರು ವರ್ಷಗಳಲ್ಲಿ ಪವಾಡವೇನೂ ನಡೆಯಲಿಲ್ಲ. ನಡೆದದ್ದು ಲೆಕ್ಕ, ಪರಿಶೀಲನೆ, ತಿದ್ದುಪಡಿ. ಯಾವ ವಿಭಾಗದಲ್ಲಿ ಎಷ್ಟು ವೆಚ್ಚ, ಎಷ್ಟು ಉತ್ಪತ್ತಿ ಎಂಬುದನ್ನು ಕಾಲಕಾಲಕ್ಕೆ ಬರೆದು ಒಪ್ಪಿಸಬೇಕಾಯಿತು. ಅನಗತ್ಯ ವೆಚ್ಚ ಕಡಿಮೆಯಾಯಿತು. ಪರದೇಶದ ತಜ್ಞರ ಸ್ಥಾನಗಳಿಗೆ ಸಂಸ್ಥಾನದ ತರುಣರನ್ನು ತರಬೇತು ಮಾಡುವ ಏರ್ಪಾಡು ನಡೆಯಿತು. ಬೆಲೆ ಏಕೆ ಬಿದ್ದಿತೆಂದು ಶೋಕಿಸುವುದು ಅವರ ಸ್ವಭಾವವಾಗಿರಲಿಲ್ಲ. ಬಿದ್ದ ಬೆಲೆಯನ್ನೇ ಆಧಾರವಾಗಿಟ್ಟುಕೊಂಡು ಲೆಕ್ಕವನ್ನು ಹೊಸದಾಗಿ ಹಾಕುವುದು ಅವರ ಕ್ರಮ. ಸಂಕಲ್ಪ ಬದಲಾಗಲಿಲ್ಲ, ಅಂದಾಜು ಬದಲಾಯಿತು. ಇವೆರಡರ ಭೇದವನ್ನು ಅರಿಯದವರೇ ದೀರ್ಘಕಾಲದ ಕಾರ್ಯಗಳಲ್ಲಿ ಸೋಲುತ್ತಾರೆ. ಕೆಲವರು ಅಂದಾಜು ತಪ್ಪಿದೊಡನೆ ಸಂಕಲ್ಪವನ್ನೇ ಬಿಡುತ್ತಾರೆ. ಕೆಲವರು ಸಂಕಲ್ಪದ ಹಟದಲ್ಲಿ ತಪ್ಪು ಅಂದಾಜನ್ನೂ ಬಿಡಲೊಲ್ಲರು.

ಆ ಶಿಸ್ತಿನ ಮೂಲ ಅವರ ದಿನಚರಿಯಲ್ಲಿತ್ತು. ಸಮಯಪಾಲನೆ, ಮಿತಾಹಾರ, ನಡಿಗೆ, ಮೊದಲೇ ಬರೆದಿಟ್ಟುಕೊಂಡ ದಿನದ ಕಾರ್ಯಕ್ರಮ, ಇವು ವೃದ್ಧಾಪ್ಯದಲ್ಲಿಯೂ ತಪ್ಪಲಿಲ್ಲ. ಒಂದು ದಿನ ಮಹೋಪವಾಸ ಮಾಡಿ ಮರುದಿನ ಅತಿಯಾಗಿ ಉಣ್ಣುವವನಿಗಿಂತ, ದಿನವೂ ಎರಡು ತುತ್ತು ಕಡಿಮೆ ಉಣ್ಣುವವನು ದೂರ ನಡೆಯುತ್ತಾನೆ. ಊನೋದರವನ್ನು ಬಾಹ್ಯತಪಗಳಲ್ಲಿ ಎಣಿಸಿರುವುದರ ಮರ್ಮವನ್ನು ಇಲ್ಲಿ ಕಾಣಬಹುದು.

ಅಧ್ಯಕ್ಷತೆಯ ಅವಧಿಯಲ್ಲಿ ಅವರು ಸಂಭಾವನೆಯನ್ನು ಸ್ವೀಕರಿಸಲಿಲ್ಲ. ತಮಗೆ ಸಲ್ಲಬೇಕಾದ ಹಣದಿಂದ ತರುಣರಿಗೆ ಕೈಕಸುಬು ಕಲಿಸುವ ಸಂಸ್ಥೆಯೊಂದು ಆಗಲೆಂದು ಬಯಸಿದರು. ಅದು 1943ರಲ್ಲಿ ಬೆಂಗಳೂರಿನಲ್ಲಿ ನೆಲೆಗೊಂಡಿತು. ಅದು ಹೊತ್ತ ಹೆಸರು ಜಯಚಾಮರಾಜೇಂದ್ರ ಒಡೆಯರದು, ಅವರದಲ್ಲ. ಪರಿಗ್ರಹ ಪರಿಮಾಣವನ್ನು ಧನಕ್ಕೆ ಮಾತ್ರವಲ್ಲ, ಕೀರ್ತಿಗೂ ಅನ್ವಯಿಸಬಹುದೆಂಬುದಕ್ಕೆ ಇದು ನಿದರ್ಶನ.

1929ರಲ್ಲಿ ಅವರು ಅಧ್ಯಕ್ಷತೆಯನ್ನು ಬಿಟ್ಟಾಗ ಕಾರ್ಖಾನೆ ಸಂಪತ್ತಿನ ಗಣಿಯಾಗಿರಲಿಲ್ಲ. ಆದರೆ ಉಳಿಯುವ ಭರವಸೆ ಮೂಡಿತ್ತು. 1930ರ ದಶಕದಲ್ಲಿ ಉಕ್ಕು ಮತ್ತು ಸಿಮೆಂಟಿನ ಉತ್ಪಾದನೆ ಸೇರಿತು. ಅದೇ ಊರಿನಲ್ಲಿ 1936ರಲ್ಲಿ ಕಾಗದದ ಕಾರ್ಖಾನೆಯೂ ಸ್ಥಾಪನೆಯಾಯಿತು. ಮುಂದೆ ಕಬ್ಬಿಣದ ಕಾರ್ಖಾನೆಗೆ ಅವರ ಹೆಸರನ್ನೇ ಇಡಲಾಯಿತು. 1955ರಲ್ಲಿ ಭಾರತರತ್ನ ಗೌರವ ಪಡೆದ ಅವರು, ನೂರು ವರ್ಷದ ತುಂಬು ಬಾಳನ್ನು ಬಾಳಿ 1962ರ ಏಪ್ರಿಲಿನಲ್ಲಿ ಬೆಂಗಳೂರಿನಲ್ಲಿ ಕಾಲವಾದರು.

ಇಲ್ಲಿ ಒಂದು ಮಾತನ್ನು ಮರೆಮಾಚಬಾರದು. ಕಾಡು ಕಡಿಯುವ, ಇದ್ದಿಲು ಸುಡುವ ಜೀವನೋಪಾಯಗಳನ್ನು ಶ್ರಾವಕಾಚಾರ ಗ್ರಂಥಗಳು ಖರಕರ್ಮಗಳಲ್ಲಿ ಎಣಿಸಿವೆ. ಭದ್ರಾವತಿಯ ಕುಲುಮೆ ಮಲೆನಾಡಿನ ಎಷ್ಟೋ ಮರಗಳನ್ನು, ಅವುಗಳನ್ನು ಆಶ್ರಯಿಸಿದ್ದ ಎಷ್ಟೋ ಜೀವಗಳನ್ನು ನುಂಗಿತು. ಸಾವಿರಾರು ಸಂಸಾರಗಳಿಗೆ ಅನ್ನ ದೊರೆತದ್ದೂ ಅದರಿಂದಲೇ. ಆ ಕಾಲದ ಅಂದಾಜು ಪಟ್ಟಿಯಲ್ಲಿ ಈ ಹಾನಿಗೆ ಸಲ್ಲಬೇಕಾದ ಸ್ಥಾನ ಸಲ್ಲಲಿಲ್ಲ. ಮಹಾಪುರುಷರ ಲೆಕ್ಕದಲ್ಲಿಯೂ ಬಿಟ್ಟುಹೋದ ಅಂಕಣಗಳಿರುತ್ತವೆ. ಅದಕ್ಕೇ ಪ್ರತಿಕ್ರಮಣವೆಂಬ ಆಚರಣೆ ಇರುವುದು.

ಕಾರ್ಖಾನೆಯೂ ಅನಿತ್ಯತೆಗೆ ಹೊರತಾಗಲಿಲ್ಲ. 2023ರ ಜನವರಿಯಲ್ಲಿ ಅದನ್ನು ಮುಚ್ಚುವ ನಿರ್ಧಾರ ಪ್ರಕಟವಾಯಿತು. ಕಾರ್ಮಿಕರು ದೀರ್ಘವಾದ ಧರಣಿ ಹೂಡಿದರು. ಹಾಗೆಂದು ಆ ಆರು ವರ್ಷಗಳ ಶ್ರಮ ವ್ಯರ್ಥವಾಯಿತೇ? ನೋಂಪಿ ಮುಗಿದ ಮೇಲೆ ಕಲಶದ ನೀರು ಉಳಿಯುವುದಿಲ್ಲ, ಹೂವು ಬಾಡುತ್ತದೆ. ಉಳಿಯುವುದು ನಡೆಸಿದವನ ಪರಿಣಾಮಶುದ್ಧಿ. ವ್ರತ ಹಿಡಿಯಲು ಹೊರಟವರು ಮೊದಲು ತಮ್ಮ ಶಕ್ತಿಯನ್ನು ಅಳೆಯಲಿ. ಹಿಡಿದ ಮೇಲೆ ದಿನದಿನದ ಲೆಕ್ಕವಿಡಲಿ. ಲೆಕ್ಕ ತಪ್ಪಿದ ದಿನ ಅದನ್ನು ತಿದ್ದಿಕೊಳ್ಳಲಿ, ವ್ರತವನ್ನು ಬಿಡದಿರಲಿ.