ಬಾಬೆಲಿನ ಚಕ್ರವರ್ತಿ ನೆಬೂಕದ್ನೆಚ್ಚರ

ಇರಾಕಿನ ರಾಜಧಾನಿ ಬಗ್ದಾದಿನಿಂದ ದಕ್ಷಿಣಕ್ಕೆ ಸುಮಾರು 85 ಕಿಲೋಮೀಟರು ದೂರದಲ್ಲಿ ಮಣ್ಣಿನ ದಿಬ್ಬಗಳ ವಿಶಾಲವಾದ ಬಯಲೊಂದಿದೆ. ಆ ದಿಬ್ಬಗಳನ್ನು ಅಗೆದಾಗ ದೊರೆತ ಅಸಂಖ್ಯಾತ ಸುಟ್ಟ ಇಟ್ಟಿಗೆಗಳ ಮೇಲೆ ಒಬ್ಬನೇ ಅರಸನ ಹೆಸರಿನ ಮುದ್ರೆಯಿದೆ. ತನ್ನ ಕೀರ್ತಿ ಆಚಂದ್ರಾರ್ಕ ನಿಲ್ಲಬೇಕೆಂದು ಬಯಸಿದ ಆ ಅರಸನೇ ಬಾಬೆಲಿನ ನೆಬೂಕದ್ನೆಚ್ಚರ. ಆದರೆ ಆ ಲಿಪಿಯನ್ನು ಓದಬಲ್ಲವರು ಹದಿನೇಳು ಶತಮಾನಗಳಿಗೂ ಹೆಚ್ಚು ಕಾಲ ಲೋಕದಲ್ಲಿ ಒಬ್ಬರೂ ಇರಲಿಲ್ಲ. ಅಷ್ಟು ಕಾಲವೂ ಅವನ ಹೆಸರನ್ನು ಮುಖ್ಯವಾಗಿ ಉಳಿಸಿದವರು ಅವನೇ ಸೆರೆಹಿಡಿದು ಕೊಂಡೊಯ್ದ ಒಂದು ಸಣ್ಣ ನಾಡಿನ ಜನರು. ಈ ವಿಚಿತ್ರವನ್ನು ವಾಚಕರ ಮುಂದಿಡುವುದೇ ನಮ್ಮ ಇಂದಿನ ಉದ್ದೇಶ.

ನೆಬೂಕದ್ನೆಚ್ಚರನ ತಂದೆ ನಬೊಪೊಲಸ್ಸರನು ಕ್ರಿ. ಪೂ. 626ರಲ್ಲಿ ಬಾಬೆಲಿನ ಸಿಂಹಾಸನವನ್ನೇರಿ, ಮೇದ್ಯರ ನೆರವಿನಿಂದ ಅಶ್ಶೂರ ಸಾಮ್ರಾಜ್ಯವನ್ನು ಮುರಿದನು. ಕ್ರಿ. ಪೂ. 612ರಲ್ಲಿ ನಿನೆವೆ ಪಟ್ಟಣವು ಬಿತ್ತು. ಯುವರಾಜನು ಕ್ರಿ. ಪೂ. 605ರಲ್ಲಿ ಕರ್ಕೆಮೀಷಿನ ಯುದ್ಧದಲ್ಲಿ ಐಗುಪ್ತದ ಸೈನ್ಯವನ್ನು ಸೋಲಿಸಿದನು. ದಂಡಯಾತ್ರೆಯಲ್ಲಿದ್ದಾಗಲೇ ತಂದೆಯ ಮರಣವಾರ್ತೆ ಬಂದಿತು. ಒಡನೆಯೇ ರಾಜಧಾನಿಗೆ ಧಾವಿಸಿ, ತಂದೆ ಸತ್ತ ಸುಮಾರು ಮೂರು ವಾರಗಳೊಳಗೆ ಪಟ್ಟವೇರಿದನು. ಆ ತರುವಾಯ ನಲವತ್ತಮೂರು ವರ್ಷ ಆಳಿದನು.

ಐಗುಪ್ತಕ್ಕೂ ಬಾಬೆಲಿಗೂ ನಡುವೆ ಇದ್ದ ಯೆಹೂದ ರಾಜ್ಯದ ಪಾಡು ಎರಡು ಆನೆಗಳ ನಡುವಿನ ಹುಲ್ಲಿನಂತಾಯಿತು. ಅದರ ಅರಸನು ಕಪ್ಪವನ್ನು ನಿಲ್ಲಿಸಿದ್ದರಿಂದ ಬಾಬೆಲಿನ ಸೈನ್ಯವು ಕ್ರಿ. ಪೂ. 597ರಲ್ಲಿ ಯೆರೂಸಲೇಮನ್ನು ಹಿಡಿಯಿತು. ಅಷ್ಟರಲ್ಲಿ ಪಟ್ಟಕ್ಕೆ ಬಂದಿದ್ದ ಎಳೆಯ ದೊರೆ ಯೆಹೋಯಾಖೀನನೂ, ಗಣ್ಯರೂ, ಕಮ್ಮಾರರೂ, ಕುಶಲಕರ್ಮಿಗಳೂ ಸೆರೆಯಾಗಿ ಬಾಬೆಲಿಗೆ ನಡೆದರು. ನೆಬೂಕದ್ನೆಚ್ಚರನೇ ನೇಮಿಸಿದ ಚಿದ್ಕೀಯನು ಮತ್ತೆ ದಂಗೆಯೆದ್ದನು. ಕ್ರಿ. ಪೂ. 587ರಲ್ಲಿ, ಕೆಲವರ ಲೆಕ್ಕದಂತೆ 586ರಲ್ಲಿ, ನಗರವನ್ನೂ ದೇವಾಲಯವನ್ನೂ ಸುಡಲಾಯಿತು. ಮಕ್ಕಳ ವಧೆಯನ್ನು ಕಣ್ಣಾರೆ ಕಂಡ ಬಳಿಕ ಚಿದ್ಕೀಯನ ಕಣ್ಣುಗಳನ್ನು ಕೀಳಿಸಿದರೆಂದು ಬೈಬಲು ಹೇಳುತ್ತದೆ.

ಇದೇ ಕೈ ಬಾಬೆಲನ್ನು ಲೋಕದ ಬೆರಗಾಗಿಯೂ ಕಟ್ಟಿತು. ನೀಲಿ ಮೆರುಗಿನ ಇಟ್ಟಿಗೆಗಳ ಇಷ್ಟಾರ್ ಮಹಾದ್ವಾರ, ಸಿಂಹಗಳ ಉಬ್ಬುಚಿತ್ರಗಳುಳ್ಳ ಮೆರವಣಿಗೆಯ ಬೀದಿ, ಮಾರ್ದೂಕ ದೇವರ ಮಹಾಗೋಪುರ ಇವೆಲ್ಲವೂ ಅವನ ಕಾಲದ ವೈಭವ. ತೂಗುತೋಟದ ಮಾತು ಮಾತ್ರ ಅವನ ಯಾವ ಶಾಸನದಲ್ಲಿಯೂ ಇಲ್ಲ. ಅದು ಮುಂದಿನ ಬರಹಗಾರರಿಂದ ನಮಗೆ ತಿಳಿದದ್ದು.

ಆ ವೈಭವದ ನಡುವೆ ಸೆರೆಯಾಳುಗಳು ಹೇಗೆ ಬಾಳಿದರು? ಇದಕ್ಕೆ ಸಾಕ್ಷಿ ದೊರೆತದ್ದು ಅರಮನೆಯ ಉಗ್ರಾಣದಲ್ಲಿ. 1899ರಿಂದ 1917ರವರೆಗೆ ಜರ್ಮನಿಯ ರಾಬರ್ಟ್ ಕೋಲ್ಡೆವೈ ಅಲ್ಲಿ ಉತ್ಖನನ ನಡೆಸಿದರು. ಆಗ ದೊರೆತ ಮಣ್ಣಿನ ಫಲಕಗಳಲ್ಲಿ ಎಣ್ಣೆಯ ಪಡಿತರದ ಲೆಕ್ಕವಿತ್ತು. ಅದರಲ್ಲಿ ಯೆಹೂದದ ಅರಸ ಯೆಹೋಯಾಖೀನನ ಹೆಸರೂ ಅವನ ಐವರು ಮಕ್ಕಳ ಪಾಲೂ ನಮೂದಾಗಿರುವುದು 1939ರಲ್ಲಿ ಪ್ರಕಟವಾಯಿತು. ಉಗ್ರಾಣದ ಲೆಕ್ಕ ಬರೆದು ಅಭ್ಯಾಸವಿರುವ ನಮಗೆ ಈ ಸಂಗತಿ ಬಹಳ ಹಿಡಿಸಿತು. ಅರಸನ ಶಾಸನಗಳು ಹೇಳದ ಸತ್ಯವನ್ನು ಯಾರೋ ಗುಮಾಸ್ತನು ಬರೆದಿಟ್ಟ ಎಣ್ಣೆಯ ಲೆಕ್ಕ ಹೇಳಿತು!

ಸೆರೆಯಾಳುಗಳು ಶೀಘ್ರವಾಗಿ ಹಿಂದಿರುಗುವರೆಂದು ಕೆಲವರು ಭರವಸೆ ಕೊಡುತ್ತಿದ್ದರು. ಪ್ರವಾದಿ ಯೆರೆಮೀಯನು ಅವರಂತೆ ಹೇಳಲಿಲ್ಲ. ಅಲ್ಲಿಯೇ ಮನೆ ಕಟ್ಟಿ ತೋಟ ಹಾಕಬೇಕೆಂದೂ, ಆ ಪರನಗರದ ಕ್ಷೇಮವನ್ನೇ ಬಯಸಿ ಪ್ರಾರ್ಥಿಸಬೇಕೆಂದೂ ಪತ್ರ ಬರೆದನು. ತಮ್ಮನ್ನು ಸೆರೆಹಿಡಿದವರ ಊರಿಗೆ ಒಳಿತನ್ನು ಕೋರುವುದು ಸುಲಭದ ಮಾತಲ್ಲ. ಹೊಟ್ಟೆಪಾಡಿಗಾಗಿ ಸ್ವಇಚ್ಛೆಯಿಂದ ಪರಸ್ಥಳಕ್ಕೆ ಬಂದ ನಾವು ಸೆರೆಯಾಳುಗಳಲ್ಲ. ಆದರೂ ಆ ಪತ್ರದ ಭಾರ ನಮಗೆ ತಿಳಿಯದೆ ಇರದು.

ಬೈಬಲಿನಲ್ಲಿ ಪ್ರಾಚೀನ ರಾಜ್ಯಗಳು ಕೇವಲ ರಾಜ್ಯಗಳಲ್ಲ, ಅವು ಸಂಕೇತಗಳು. ಐಗುಪ್ತವು ದಾಸ್ಯದ ಮನೆ. ಆದರೆ ಶಿಶು ಯೇಸುವಿಗೆ ಆಶ್ರಯವಿತ್ತದ್ದೂ ಅದೇ. ಅಶ್ಶೂರವು ದೇವರು ದಂಡನೆಗಾಗಿ ಹಿಡಿದ ಕೋಲು. ಆದರೆ ಯೋನನ ಕಥೆಯಲ್ಲಿ ಪಶ್ಚಾತ್ತಾಪಪಟ್ಟು ಉಳಿಯುವುದೂ ಅದರ ನಿನೆವೆಯೇ. ಬಾಬೆಲು ಅಹಂಕಾರದ ಗುರುತು. ಇಟ್ಟಿಗೆ ಸುಟ್ಟು ಆಕಾಶಕ್ಕೆ ಮುಟ್ಟುವ ಗೋಪುರವನ್ನು ಕಟ್ಟಹೊರಟ ಆದಿಕಾಂಡದ ಕಥೆಗೂ ಈ ಪಟ್ಟಣದ್ದೇ ಹೆಸರು. ದಾನಿಯೇಲನ ಗ್ರಂಥದಲ್ಲಿ ನೆಬೂಕದ್ನೆಚ್ಚರನು ಕನಸಿನ ಪ್ರತಿಮೆಯ ಬಂಗಾರದ ತಲೆ. ಮುಂದೆ ಗರ್ವದಿಂದ ಮತಿಗೆಟ್ಟು ದನದಂತೆ ಹುಲ್ಲು ಮೇಯುವವನೂ ಅವನೇ. ಆ ಗ್ರಂಥವು ಕ್ರಿ. ಪೂ. 2ನೆಯ ಶತಮಾನದಲ್ಲಿ ಇಂದಿನ ರೂಪವನ್ನು ತಾಳಿತೆಂದೂ, ಹುಚ್ಚಿನ ಕಥೆಯ ಮೂಲ ಬಾಬೆಲಿನ ಕೊನೆಯ ಅರಸ ನಬೊನಿಡಸನ ವೃತ್ತಾಂತವಿರಬಹುದೆಂದೂ ಅನೇಕ ವಿದ್ವಾಂಸರ ಮತ. ಇತಿಹಾಸದ ಅರಸನೇ ಬೇರೆ, ಸಂಕೇತದ ಅರಸನೇ ಬೇರೆ. ಇಷ್ಟಾಗಿಯೂ ಯೆರೆಮೀಯನ ಗ್ರಂಥವು ಇದೇ ವೈರಿಯನ್ನು ದೇವರ ಸೇವಕನೆಂದು ಕರೆಯುತ್ತದೆ.

ಕ್ರಿ. ಪೂ. 562ರಲ್ಲಿ ನೆಬೂಕದ್ನೆಚ್ಚರನು ತೀರಿಕೊಂಡನು. ಅವನ ಮಗನು ಯೆಹೋಯಾಖೀನನನ್ನು ಮೂವತ್ತೇಳು ವರ್ಷಗಳ ಸೆರೆಯಿಂದ ಬಿಡಿಸಿ, ತನ್ನ ಪಂಕ್ತಿಯಲ್ಲಿಯೇ ಊಟಕ್ಕೆ ಕೂರಿಸಿಕೊಂಡನು. ಕ್ರಿ. ಪೂ. 539ರಲ್ಲಿ ಪಾರಸಿಯ ದೊರೆ ಕೋರೆಷನು ಬಾಬೆಲನ್ನು ಗೆದ್ದು, ಯೆಹೂದ್ಯರಿಗೆ ಸ್ವದೇಶಕ್ಕೆ ಮರಳಲು ಅಪ್ಪಣೆಯಿತ್ತನು. ಹಲವರು ಮರಳಿದರು; ಅನೇಕರು ಅಲ್ಲಿಯೇ ನಿಂತರು.

ಸಾಮ್ರಾಜ್ಯವು ಅಳಿದರೂ ಅದರ ಹೆಸರು ಅಳಿಯಲಿಲ್ಲ. ಕ್ರಿ. ಶ. 70ರಲ್ಲಿ ರೋಮನ್ನರು ಯೆರೂಸಲೇಮಿನ ಎರಡನೆಯ ದೇವಾಲಯವನ್ನೂ ಸುಟ್ಟರು. ಬೈಬಲಿನ ಕೊನೆಯ ಗ್ರಂಥವಾದ ಪ್ರಕಟಣೆಯು ರೋಮನ್ನು ಬಾಬೆಲೆಂದೇ ಕರೆಯಿತು. 1520ರಲ್ಲಿ ಮಾರ್ಟಿನ್ ಲೂಥರನು ತನ್ನ ಕಾಲದ ಚರ್ಚು ಬಾಬೆಲಿನ ಸೆರೆಯಲ್ಲಿದೆಯೆಂದು ಗ್ರಂಥ ಬರೆದನು. ಇಪ್ಪತ್ತನೆಯ ಶತಮಾನದಲ್ಲಿ ಜಮೈಕದ ರಾಸ್ತಫಾರಿ ಪಂಥದವರು ತಮ್ಮನ್ನು ತುಳಿದ ಅಧಿಕಾರಕ್ಕೆ ಅದೇ ಹೆಸರಿಟ್ಟರು.

ಬಲಶಾಲಿಯು ಇಟ್ಟಿಗೆಯ ಮೇಲೆ ತನ್ನ ಹೆಸರನ್ನು ಒತ್ತಬಲ್ಲನು. ಆ ಹೆಸರಿಗೆ ಮುಂದೆ ಯಾವ ಅರ್ಥ ಬರುವುದೆಂಬುದು ಅವನ ಕೈಯಲ್ಲಿಲ್ಲ, ಅವನ ಕೈಕೆಳಗೆ ನೊಂದವರ ಕೈಯಲ್ಲಿದೆ. ನಾಲ್ಕು ಜನರ ಮೇಲೆ ಯಜಮಾನಿಕೆ ನಡೆಸುವವರೆಲ್ಲರೂ, ನಮ್ಮನ್ನೂ ಸೇರಿಸಿ, ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.