ಸೊನ್ನಲಿಗೆಯ ಶಿವಯೋಗಿ ಶ್ರೀ ಸಿದ್ಧರಾಮೇಶ್ವರರು

ದೇವಾಲಯದ ಜೀರ್ಣೋದ್ಧಾರವೆಂಬುದು ಒಬ್ಬಿಬ್ಬರಿಂದ ನೆರವೇರತಕ್ಕ ಕಾರ್ಯವಲ್ಲ. ಅದಕ್ಕೆ ದ್ರವ್ಯ ಕೊಡುವವರುಂಟು, ಕಲ್ಲುಮಣ್ಣು ಹೊರುವವರುಂಟು, ಮಂತ್ರ ಹೇಳುವವರುಂಟು, ಕೂಲಿಗಾಗಿ ಬಂದು ಸಂಜೆಗೆ ಮನೆಗೆ ಹೋಗುವವರೂ ಉಂಟು. ಇವರೆಲ್ಲರನ್ನೂ ಧರ್ಮಿಷ್ಠರೆಂದು ಎಣಿಸಬಹುದೇ? ಅಥವಾ ಹಣೆಯಲ್ಲಿ ವಿಭೂತಿ ಧರಿಸಿ ಗರ್ಭಗುಡಿಯ ಮುಂದೆ ಕೈಮುಗಿದವರಿಗೆ ಮಾತ್ರ ಆ ಹೆಸರು ಸಲ್ಲತಕ್ಕದ್ದೇ? ಈ ಪ್ರಶ್ನೆ ಇಂದು ನಿನ್ನೆಯದಲ್ಲ. 12ನೆಯ ಶತಮಾನದಲ್ಲಿ ಸೊನ್ನಲಿಗೆಯಲ್ಲಿ, ಎಂದರೆ ಈಗಿನ ಸೊಲ್ಲಾಪುರದಲ್ಲಿ, ಬಾಳಿದ ಶಿವಯೋಗಿ ಸಿದ್ಧರಾಮೇಶ್ವರರ ಚರಿತ್ರೆಯು ಮೊದಲಿನಿಂದ ಕೊನೆಯವರೆಗೆ ಇದೇ ಪ್ರಶ್ನೆಯನ್ನು ಕುರಿತದ್ದಾಗಿದೆ.

ಅವರ ಜೀವನವನ್ನು ಕವಿ ರಾಘವಾಂಕನು ತನ್ನ ಸಿದ್ಧರಾಮಚಾರಿತ್ರ ಎಂಬ ಷಟ್ಪದಿ ಕಾವ್ಯದಲ್ಲಿ ವಿಸ್ತಾರವಾಗಿ ವರ್ಣಿಸಿದ್ದಾನೆ. ತಂದೆ ಮುದ್ದಗೌಡರು, ತಾಯಿ ಸುಗ್ಗವ್ವೆ; ಒಕ್ಕಲುತನದ ಮನೆ. ಹುಟ್ಟುವ ಮೊದಲೇ ರೇವಣಸಿದ್ಧರು ಈ ಮಗುವಿನ ಮಹಿಮೆಯನ್ನು ಸೂಚಿಸಿದ್ದರೆಂದು ಪ್ರತೀತಿಯುಂಟು. ಆದರೆ ಬಾಲಕನು ಬೆಳೆದಂತೆ ಊರವರ ಕಣ್ಣಿಗೆ ಕಂಡುದೇ ಬೇರೆ. ಮಾತು ಕಡಿಮೆ, ಆಟಪಾಠಗಳಲ್ಲಿ ಮನಸ್ಸಿಲ್ಲ. ಜನರು ಅವನನ್ನು ಮಂದಬುದ್ಧಿಯೆಂದೇ ತಿಳಿದರು. ತಂದೆತಾಯಿಗಳು ದನ ಕಾಯಲು, ಹೊಲ ಕಾಯಲು ಕಳುಹಿಸಿದರು. ಮುಂದೆ ನಾಡಿಗೆ ಗುರುವಾಗತಕ್ಕವನನ್ನು ಆ ದಿನ ಯಾರೂ ಧರ್ಮಿಷ್ಠರ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲವೆಂಬುದನ್ನು ಮರೆಯಬಾರದು.

ಒಂದು ದಿನ ಹೊಲದಲ್ಲಿದ್ದ ಬಾಲಕನ ಬಳಿಗೆ ಒಬ್ಬ ಜಂಗಮನು ಬಂದನು. ಶ್ರೀಶೈಲದ ಮಲ್ಲಯ್ಯನೆಂದು ತನ್ನ ಹೆಸರನ್ನು ತಿಳಿಸಿ, ತಿನ್ನಲು ಬೇಡಿದನು. ಬಾಲಕನು ಎಳೆಯ ಜೋಳದ ತೆನೆಯನ್ನು ಸುಟ್ಟು ಸೀತನಿ ಮಾಡಿ ಕೊಟ್ಟನು. ಅದನ್ನು ತಿಂದ ಜಂಗಮನು ಬಾಯಾರಿಕೆಗೆ ಮಜ್ಜಿಗೆ ಕೇಳಿದನು. ಬಾಲಕನು ಮನೆಗೆ ಓಡಿ ಮಜ್ಜಿಗೆ ತರುವಷ್ಟರಲ್ಲಿ ಅತಿಥಿಯು ಅಲ್ಲಿರಲಿಲ್ಲ. ಹಸಿದು ಬಂದವನು ಉಣ್ಣದೆ ಹೋದನೆಂಬ ದುಃಖದಿಂದ ಅವನ ಹೆಸರನ್ನು ಕೂಗುತ್ತ, ದಾರಿಯಲ್ಲಿ ಕಂಡ ಯಾತ್ರಿಕರೊಡನೆ ಬಾಲಕನು ಶ್ರೀಶೈಲಕ್ಕೆ ನಡೆದನು. ಅಲ್ಲಿ ಲಿಂಗವನ್ನು ತೋರಿಸಿದರೆ, ತನ್ನ ಕೈಯ ಸೀತನಿ ತಿಂದ ಮಲ್ಲಯ್ಯನೇ ಬೇಕೆಂದು ಅತ್ತನು. ಎಲ್ಲಿಯೂ ಕಾಣದೆ ಆಳವಾದ ಕಮರಿಗೆ ಹಾರಿದಾಗ ಮಲ್ಲಯ್ಯನೇ ಅವನನ್ನು ಎತ್ತಿಕೊಂಡು ಕಾಪಾಡಿದನೆಂದೂ, ಸೊನ್ನಲಿಗೆಗೆ ಮರಳಿ ಅದನ್ನೇ ಎರಡನೆಯ ಶ್ರೀಶೈಲವನ್ನಾಗಿ ಮಾಡಲು ಅಪ್ಪಣೆಯಿತ್ತನೆಂದೂ ಕಾವ್ಯವು ತಿಳಿಸುತ್ತದೆ. ವಿಧಿಬದ್ಧವಾದ ಪೂಜೆಯನ್ನು ಅರಿಯದ ಬಾಲಕನಿಗೆ ಹಸಿದವನಿಗೆ ಉಣಿಸುವ ಕಳಕಳಿಯೇ ದೇವರ ಬಳಿಗೆ ಒಯ್ಯುವ ದಾರಿಯಾಯಿತು.

ಊರಿಗೆ ಮರಳಿದ ಸಿದ್ಧರಾಮರು ಕಪಿಲಸಿದ್ಧ ಮಲ್ಲಿಕಾರ್ಜುನನ ಗುಡಿಯನ್ನು ಕಟ್ಟಿಸಿದರು. ಊರ ಸುತ್ತಲೂ 68 ಲಿಂಗಗಳನ್ನು ಪ್ರತಿಷ್ಠಾಪಿಸಿದರು. ಮಳೆ ಕಡಿಮೆಯಾದ ಆ ಬಯಲುಸೀಮೆಯಲ್ಲಿ ದೊಡ್ಡ ಕೆರೆಯನ್ನು ತೋಡಿಸಿದರು. ಸಾವಿರಾರು ಜನರು ಗುದ್ದಲಿ ಬುಟ್ಟಿಗಳನ್ನು ಹಿಡಿದು ಆ ಕಾರ್ಯಕ್ಕೆ ಸೇರಿದರೆಂದು ಹೇಳುತ್ತಾರೆ. ಅವರಲ್ಲಿ ಭಕ್ತಿಯಿಂದ ಬಂದವರೆಷ್ಟೋ, ಹೊಟ್ಟೆಯ ಪಾಡಿಗಾಗಿ ಬಂದವರೆಷ್ಟೋ! ಅಗೆದ ಮಣ್ಣಿನಲ್ಲಿ ಆ ಭೇದವು ಕಾಣಿಸುವಂತಿಲ್ಲ. ತುಂಬಿದ ಕೆರೆಯಾದರೂ ತನ್ನ ನೀರನ್ನು ಕುಡಿಯುವ ದನಕರುಗಳನ್ನಾಗಲಿ ಪಕ್ಷಿಗಳನ್ನಾಗಲಿ ನೀವು ಯಾರೆಂದು ಕೇಳುವುದಿಲ್ಲ.

ಹಾಗಾದರೆ ಒಳ್ಳೆಯ ಕೆಲಸ ಮಾಡಿದವರೆಲ್ಲರೂ ಧರ್ಮಿಷ್ಠರಾದರೆಂದು ಹೇಳಿ ಮುಗಿಸಬಹುದೇ? ಮುಗಿಸಲು ಅಲ್ಲಮಪ್ರಭುಗಳು ಬಿಡಲಿಲ್ಲ. 15ನೆಯ ಶತಮಾನದಲ್ಲಿ ಸಂಕಲಿತವಾದ ಶೂನ್ಯಸಂಪಾದನೆಯಲ್ಲಿ ಆ ಪ್ರಸಂಗವು ಬಂದಿದೆ. ಪ್ರಭುಗಳು ಸೊನ್ನಲಿಗೆಗೆ ಬಂದು, ಕೆಲಸಗಾರರ ಎದುರಿನಲ್ಲಿ ಸಿದ್ಧರಾಮರನ್ನು ಬರಿಯ ಮಣ್ಣು ಅಗೆಯುವವನೆಂದು ಹಗುರಾಗಿ ಆಡಿದರು. ಗುರುನಿಂದೆಯನ್ನು ತಾಳದ ಜನರು ಕಲ್ಲುಗಳನ್ನು ಬೀರಿದರು. ಆ ಕಲ್ಲುಗಳು ಪ್ರಭುಗಳನ್ನು ನೋಯಿಸಲಿಲ್ಲ. ಸುದ್ದಿ ತಿಳಿದು ಬಂದ ಸಿದ್ಧರಾಮರೂ ಕೋಪಗೊಂಡು ಹಣೆಗಣ್ಣನ್ನು ತೆರೆದರು. ಆ ಬೆಂಕಿಯೂ ಪ್ರಭುಗಳನ್ನು ಸುಡಲಿಲ್ಲ. ಆಗ ಸಿದ್ಧರಾಮರಿಗೆ ತಮ್ಮ ಕೊರತೆಯು ತಾನೇ ಕಂಡಿತು. ಕೆರೆ ತುಂಬಿತ್ತು, ಗುಡಿ ಎದ್ದಿತ್ತು. ಇವೆಲ್ಲವೂ ತನ್ನಿಂದಾದುವೆಂಬ ಭಾವವು ಇನ್ನೂ ಅಳಿದಿರಲಿಲ್ಲ. ಕಲ್ಲೆಸೆದವರು ದೇವರ ಕೆಲಸಕ್ಕೆ ಬಂದವರೇ; ಆದರೂ ಆ ಒಂದು ಗಳಿಗೆಯಲ್ಲಿ ಅವರ ಕೈಯಲ್ಲಿ ಧರ್ಮವಿರಲಿಲ್ಲ. ಹೊರಗಣ ಕೆರೆಯ ಹೂಳು ತೆಗೆದಂತೆ ಒಳಗಣ ಹೂಳನ್ನೂ ತೆಗೆಯಬೇಕೆಂಬುದೇ ಪ್ರಭುಗಳ ಬೋಧೆಯ ಸಾರ.

ತರುವಾಯ ಸಿದ್ಧರಾಮರು ಪ್ರಭುಗಳೊಡನೆ ಬಸವಣ್ಣನವರ ಕಲ್ಯಾಣಕ್ಕೆ ಹೋದರು. ಅಲ್ಲಿ ಇನ್ನೊಂದು ಪರೀಕ್ಷೆ ಕಾದಿತ್ತು. ಅಂಗದ ಮೇಲೆ ಇಷ್ಟಲಿಂಗವಿಲ್ಲದ ಇವರನ್ನು ಶರಣರೊಳಗೆ ಎಣಿಸಬಹುದೇ ಎಂಬ ಜಿಜ್ಞಾಸೆ ನಡೆಯಿತು. ಒಂದು ಊರನ್ನೇ ಪುಣ್ಯಕ್ಷೇತ್ರವನ್ನಾಗಿ ಮಾಡಿದವರು, ತಾವು ಒಳಗಿನವರೋ ಹೊರಗಿನವರೋ ಎಂಬ ವಿಚಾರಣೆಗೆ ತಾವೇ ಗುರಿಯಾಗಿ ನಿಲ್ಲಬೇಕಾಯಿತು! ಸಿದ್ಧರಾಮರು ಮುನಿದು ಹಿಂದಿರುಗಲಿಲ್ಲ. ವಯಸ್ಸಿನಲ್ಲಿ ಕಿರಿಯರಾದ ಚೆನ್ನಬಸವಣ್ಣನವರಿಂದ ವಿನಯದಿಂದ ದೀಕ್ಷೆಯನ್ನು ಹೊಂದಿದರು. ಮುಂದೆ ಶೂನ್ಯಪೀಠವನ್ನೇರುವ ಮಾನವೂ ಅವರಿಗೆ ದೊರೆಯಿತು. ಕಲ್ಯಾಣದ ಶರಣರು ಚದುರಿದ ಮೇಲೆ ಸೊನ್ನಲಿಗೆಗೆ ಮರಳಿ, ಅಲ್ಲಿಯೇ ಸಮಾಧಿಸ್ಥರಾದರು. ಕಪಿಲಸಿದ್ಧ ಮಲ್ಲಿಕಾರ್ಜುನನ ಅಂಕಿತದಲ್ಲಿ ಅವರ ವಚನಗಳು ಇಂದಿಗೂ ಉಳಿದಿವೆ.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಸೊಲ್ಲಾಪುರವು ಮುಂಬಯಿ ರಾಜ್ಯದಲ್ಲಿ ಉಳಿಯಿತು. 1960ರಲ್ಲಿ ಮಹಾರಾಷ್ಟ್ರಕ್ಕೆ ಸೇರಿತು. ಕನ್ನಡಿಗರು ಸಿದ್ಧರಾಮನೆಂದು, ಮರಾಠಿಗರು ಸಿದ್ಧೇಶ್ವರನೆಂದು ಕರೆದು ಕೈಮುಗಿಯುವುದು ಒಬ್ಬನಿಗೇ. ಪ್ರತಿವರ್ಷ ಮಕರಸಂಕ್ರಮಣದ ಜಾತ್ರೆಯಲ್ಲಿ ಏಳು ನಂದಿಧ್ವಜಗಳು ಹೊರಡುತ್ತವೆ. ಅವುಗಳನ್ನು ಹೊರುವ ಮಾನವು ಬೇರೆ ಬೇರೆ ಸಮಾಜದವರಿಗೆ ಹಂಚಿದೆ. ಯೋಗಿಯನ್ನೇ ವರಿಸಬೇಕೆಂದು ಹಟ ಹಿಡಿದ ಕುಂಬಾರರ ಕನ್ಯೆಗೆ ಅವರ ಯೋಗದಂಡದೊಡನೆ ಮದುವೆಯಾಯಿತೆಂಬ ಕಥೆಯ ನೆನಪಿಗಾಗಿ ಅಂದು ನೆರೆದವರೆಲ್ಲರೂ ಅಕ್ಷತೆ ಹಾಕುತ್ತಾರೆ.

ಪ್ರತಿಯೊಬ್ಬ ಮನುಷ್ಯನೂ ಧರ್ಮಿಷ್ಠನೇ ಎಂದು ಈ ಚರಿತ್ರೆ ಹೇಳುವುದಿಲ್ಲ. ಗುಡಿ ಕಟ್ಟಿದವರಿಗೂ ಒಂದು ಗಳಿಗೆ ಧರ್ಮವು ತಪ್ಪಿಹೋದುದನ್ನು ಅದು ಮುಚ್ಚಿಡುವುದಿಲ್ಲ. ಆದರೆ ಯಾವನನ್ನೂ ಮೊದಲೇ ಧರ್ಮದ ಹೊರಗಿಡಬಾರದೆಂಬುದನ್ನು ಅದು ಖಂಡಿತವಾಗಿ ಕಲಿಸುತ್ತದೆ. ಬಿತ್ತಿದ ಜೋಳದ ಕಾಳು ಮಣ್ಣಿನೊಳಗಿದ್ದಾಗ ಕಣ್ಣಿಗೆ ಕಾಣದು. ಕಾಣದೆಂದು ಹೊಲವನ್ನು ಬೀಳುಗೆಡವುವ ಒಕ್ಕಲಿಗನಿಲ್ಲ. ಮಂದಬುದ್ಧಿಯೆಂದು ಊರವರು ನಗೆಯಾಡಿದ ದನಗಾಹಿ ಬಾಲಕನಲ್ಲಿ ಮಲ್ಲಯ್ಯನು ಕಂಡ ಬೀಜವನ್ನು, ಇಂದು ನಮ್ಮ ಗುಡಿಯ ಕಲ್ಲು ಹೊತ್ತು ಹೆಸರು ಹೇಳದೆ ಹೋದವನಲ್ಲಿಯೂ ಕಾಣುವ ಕಣ್ಣನ್ನು ಆ ಶಿವಯೋಗಿಯು ನಮ್ಮೆಲ್ಲರಿಗೂ ಕರುಣಿಸಲಿ.